ಪಾದಯಾತ್ರೆಯ ಫೋಟೊ: ಹಂಚಬೇಕೋ, ಬೇಡವೋ?

ಯುಗಾದಿ ಹತ್ತಿರ ಬಂತೆಂದರೆ ಬಾಗಲಕೋಟೆ, ವಿಜಯಪುರ, ಬೆಳಗಾವಿ, ಕಲಬುರಗಿ, ರಾಯಚೂರು ಜಿಲ್ಲೆಗಳ ಊರೂರುಗಳಿಂದ ಹೆಗಲ ಮೇಲೆ ಹರಕೆಯ ಕಂಬಿ ಹೊತ್ತು ಶ್ರೀಶೈಲದ ದಾರಿ ಹಿಡಿಯುವವರ ಸಾಲು ಶುರುವಾಗುತ್ತದೆ. ಶಿವರಾತ್ರಿಗೆ ಬೆಂಗಳೂರು, ಮಂಡ್ಯ, ಹಾಸನದ ಕಡೆಯವರು ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳ ಸೇರುತ್ತಾರೆ. ಆಷಾಢ ಏಕಾದಶಿಗೆ ಆಳಂದಿ, ದೇಹುಗಳಿಂದ ಸಂತರ ಪಾದುಕೆ ಹೊತ್ತು ಹೊರಟ ಪಾಲಖಿಗಳ ಜತೆ ಲಕ್ಷಾಂತರ ವಾರಕರಿಗಳು ಪಂಢರಪುರಕ್ಕೆ ನಡೆಯುತ್ತಾರೆ. ನಡೆಯುವವರ ಜೇಬಿನಲ್ಲಿ ಈಗ ಮೊಬೈಲ್ ಇದೆ. ಬೆಳಗ್ಗೆ ಎದ್ದರೆ ಸ್ಟೇಟಸ್, ಮಧ್ಯಾಹ್ನ ರೀಲ್ಸ್, ರಾತ್ರಿ ತಂಗಿದಲ್ಲಿಂದ ಲೈವ್. ಹರಕೆಯ ನಡಿಗೆಯನ್ನು ಹೀಗೆ ಊರಿಗೆಲ್ಲ ಹಂಚುವುದು ಸರಿಯೇ? ಎರಡೂ ಕಡೆಯ ವಾದ ಇಲ್ಲಿದೆ.

ಪರ: ಹೇಳಿಕೊಂಡದ್ದರಿಂದಲೇ ದಾರಿ ಉಳಿದಿದೆ

ಅಕ್ಕಮಹಾದೇವಿ ಶ್ರೀಶೈಲದ ಕದಳಿಗೆ ನಡೆದು ಹೋದಳೆಂಬುದು ನಮಗೆ ಗೊತ್ತಾದದ್ದು ಹೇಗೆ? ಕವಿ ಹರಿಹರ ಅವಳ ಮೇಲೆ ರಗಳೆ ಬರೆದ. ಶೂನ್ಯಸಂಪಾದನೆಯವರು ಕಲ್ಯಾಣದ ಪ್ರಸಂಗ ಸೇರಿಸಿ ಕಥೆಯನ್ನು ಹಿಗ್ಗಿಸಿದರು. ಜನ ಬಾಯಿಂದ ಬಾಯಿಗೆ ದಾಟಿಸಿದರು. ಯಾರೂ ಹೇಳದೆ ಸುಮ್ಮನಿದ್ದಿದ್ದರೆ ಎಂಟು ನೂರು ವರ್ಷದ ಹಿಂದೆ ಒಬ್ಬ ಹೆಣ್ಣುಮಗಳು ನಡೆದ ದಾರಿ ಅವಳೊಂದಿಗೇ ಮುಗಿದುಹೋಗುತ್ತಿತ್ತು. ಯಾತ್ರೆ ಮಾಡುವುದು ಎಷ್ಟು ಹಳೆಯದೋ, ಯಾತ್ರೆಯ ಸುದ್ದಿ ಹೇಳುವುದೂ ಅಷ್ಟೇ ಹಳೆಯದು. ಬದಲಾಗಿರುವುದು ಸಲಕರಣೆ ಮಾತ್ರ.

ಸುದ್ದಿ ಹೇಳುವುದರಿಂದ ಆಗುವ ಉಪಯೋಗ ಭಕ್ತಿಗಷ್ಟೇ ಸೀಮಿತವಲ್ಲ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿದ್ದ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಪಂಢರಪುರದ ಪಾದಯಾತ್ರೆಯಾದ ವಾರಿಯಲ್ಲಿ ತಾವೇ ನಡೆದು ಒಂದು ಪ್ರಬಂಧ ಬರೆದರು. 1962ರಲ್ಲಿ ಅದು ಇಂಗ್ಲಿಷಿನಲ್ಲೂ ಬಂತು. ಒಂದೇ ದಿಂಡಿಯಲ್ಲಿ, ಅಂದರೆ ಯಾತ್ರಿಕರ ತಂಡದಲ್ಲಿ, ಒಟ್ಟಿಗೆ ಹಾಡಿಕೊಂಡು ಬರುವ ಬ್ರಾಹ್ಮಣರು, ಮರಾಠರು ಊಟದ ಹೊತ್ತಿಗೆ ಬೇರೆ ಬೇರೆ ಕೂರುತ್ತಿದ್ದುದನ್ನು ಅವರು ಮುಚ್ಚಿಡಲಿಲ್ಲ, ಅದನ್ನು ಕಂಡು ತಮಗಾದ ಸಂಕಟವನ್ನೂ ಬರೆದರು. ಭಕ್ತಿ ಎಲ್ಲರನ್ನೂ ಒಂದು ಮಾಡುತ್ತದೆ ಎನ್ನುವ ಮಾತು ಎಲ್ಲಿಯವರೆಗೆ ನಿಜ, ಎಲ್ಲಿಗೆ ನಿಲ್ಲುತ್ತದೆ ಎಂದು ತಿಳಿಯಲು ಇಂದಿಗೂ ಆ ಬರಹ ಬೇಕು. ನಡೆದವರು ನೆನಪು ಹಂಚಿಕೊಂಡದ್ದರಿಂದಲೇ ಇದು ದಕ್ಕಿತು.

ಇನ್ನು ನಿತ್ಯದ ಉಪಯೋಗ ನೋಡಿ. ಶ್ರೀಶೈಲದ ಕಾಲುದಾರಿ ಆತ್ಮಕೂರು ದಾಟಿ ವೆಂಕಟಾಪುರದ ಬಳಿಕ ನಲ್ಲಮಲ ಕಾಡು ಹೊಗುತ್ತದೆ. ನಾಗಲೂಟಿ, ಪೆದ್ದಚೆರುವು, ಭೀಮುನಿ ಕೊಲನು, ಕೈಲಾಸ ದ್ವಾರ ಎಂದು ಮೆಟ್ಟಿಲು ಹತ್ತಿ ಇಳಿದು ಸಾಗಬೇಕು. ಯುಗಾದಿಯ ಹೊತ್ತಿಗೆ ಬಿಸಿಲು ನೆತ್ತಿ ಸುಡುತ್ತಿರುತ್ತದೆ. ನೀರು ಎಲ್ಲಿ ಸಿಗುತ್ತದೆ, ಯಾವ ಏರನ್ನು ಹೊತ್ತು ಏರುವ ಮೊದಲೇ ಹತ್ತಿ ಮುಗಿಸಬೇಕು, ಎಲ್ಲಿ ದಾಸೋಹ, ಎಲ್ಲಿ ಔಷಧ ಎಂಬುದು ಹಿಂದೆಲ್ಲ ಊರಿನ ಹಿರಿಯ ಕಂಬಿಯವರಿಗೆ ಮಾತ್ರ ಗೊತ್ತಿತ್ತು. ಈಗ ಹಿಂದಿನ ವರ್ಷ ಹೋದವರ ವಿಡಿಯೊ ನೋಡಿ ಹೊಸಬರು ಸಿದ್ಧರಾಗುತ್ತಾರೆ. ಹೆಂಗಸರ ಮಟ್ಟಿಗಂತೂ ಇದು ದೊಡ್ಡ ಮಾತು. ಸ್ನಾನಕ್ಕೆ ಮರೆ ಎಲ್ಲಿದೆ, ಶೌಚಾಲಯ ಎಲ್ಲಿದೆ, ರಾತ್ರಿ ಯಾವ ಊರಿನ ಮಠದಲ್ಲಿ ನಿರ್ಭಯವಾಗಿ ಮಲಗಬಹುದು ಎಂಬುದನ್ನು ಯಾವ ಸ್ಥಳಪುರಾಣವೂ ಹೇಳುವುದಿಲ್ಲ. ಹೋಗಿ ಬಂದ ಇನ್ನೊಬ್ಬ ಹೆಂಗಸು ಹೇಳುತ್ತಾಳೆ.

ಮನೆಯಲ್ಲೇ ಉಳಿದವರನ್ನೂ ಮರೆಯಬಾರದು. ಉತ್ತರ ಕರ್ನಾಟಕದವರಿಗೆ ಶ್ರೀಶೈಲದ ಭ್ರಮರಾಂಬೆ ಮನೆಮಗಳು. ಸೀರೆ, ಕುಪ್ಪಸ, ಅರಿಶಿನ, ಕುಂಕುಮ ಕಟ್ಟಿಕೊಂಡು ಹೋಗುವುದು ಆ ನಂಟಿನಿಂದಲೇ. ಮಂಡಿನೋವಿನಿಂದ ಹೊಸ್ತಿಲು ದಾಟಲಾಗದ ಅಜ್ಜಿಗೆ ಮೊಮ್ಮಗ ಕಳಿಸಿದ, ಅವಳ ಗಂಡ ಮಲ್ಲಯ್ಯನ ಗುಡಿಯ ಶಿಖರದ ಫೋಟೊ ಮಗಳ ಮನೆಯಿಂದ ಬಂದ ಸುದ್ದಿಯೇ ಸರಿ. 2020ರಲ್ಲಿ ಕೊರೊನಾ ಕಾರಣಕ್ಕೆ ವಾರಿಯ ನಡಿಗೆಯೇ ನಿಂತು, ಪಾದುಕೆಗಳು ಬಸ್ಸಿನಲ್ಲಿ ಪಂಢರಪುರಕ್ಕೆ ಹೋದವು. ಮನೆಯಲ್ಲಿ ಕೂತ ವಾರಕರಿಗೆ ಆ ವರ್ಷ ಉಳಿದಿದ್ದು ಹಿಂದಿನ ವರ್ಷಗಳ ಚಿತ್ರಗಳು, ನೆನಪುಗಳೇ.

ಇದೆಲ್ಲ ತೋರಿಕೆ ಎಂದು ಮೂಗು ಮುರಿಯುವವರಿದ್ದಾರೆ. ದಾನ ಕೊಟ್ಟವರು ಗುಡಿಯ ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಂಡ ನಾಡು ನಮ್ಮದು. ಆ ಶಾಸನಗಳನ್ನು ಇತಿಹಾಸ ಎಂದು ಓದುತ್ತೇವೆ. ಬಡ ರೈತನೊಬ್ಬ ಬರಿಗಾಲಲ್ಲಿ ಮುನ್ನೂರು ಕಿಲೋಮೀಟರ್ ನಡೆದು ಗುಡಿಯ ಮುಂದೆ ಒಂದು ಫೋಟೊ ತೆಗೆಸಿಕೊಂಡರೆ ಮಾತ್ರ ಅದು ಪ್ರಚಾರದ ಚಪಲವೆ?

ವಿರೋಧ: ಹರಕೆ ಹೊತ್ತವರು ನೋಟದ ಸರಕಲ್ಲ

ರೈತ ತನ್ನ ಫೋಟೊ ತಾನು ತೆಗೆಸಿಕೊಂಡರೆ ಯಾರ ತಕರಾರೂ ಇಲ್ಲ. ತಕರಾರು ಇರುವುದು ಅವನನ್ನು ಕೇಳದೆ ತೆಗೆದ ಫೋಟೊದ ಬಗ್ಗೆ.

ದಾರಿಬದಿಯ ಹುಣಸೆಮರದ ಕೆಳಗೆ ಒಬ್ಬ ಹೆಂಗಸು ಕಾಲು ಚಾಚಿ ಕೂತಿದ್ದಾಳೆ. ಅಂಗಾಲಿನಲ್ಲಿ ಬೊಬ್ಬೆ. ಸೂಜಿಗೆ ದಾರ ಪೋಣಿಸಿ ಬೊಬ್ಬೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಹಾಯಿಸಿ, ದಾರವನ್ನು ಅಲ್ಲೇ ಬಿಟ್ಟು ಕತ್ತರಿಸುತ್ತಾಳೆ, ನೀರು ಸೋರಿಹೋಗಲೆಂದು. ಮೇಲೆ ಅರಿಶಿನ, ಕೊಬ್ಬರಿ ಎಣ್ಣೆ. ಸೀರೆ ಮೊಣಕಾಲಿಗೆ ಸರಿದಿದೆ. ಅಷ್ಟರಲ್ಲಿ ಎದುರಿಗೊಂದು ಮೊಬೈಲ್ ಬಂದು ನಿಲ್ಲುತ್ತದೆ. ಅವಳು ಸೂಜಿ ಹಿಡಿದ ಕೈಯಲ್ಲೇ ಸೀರೆಯನ್ನು ಕೆಳಗೆ ಎಳೆಯುತ್ತಾಳೆ. ಸಂಜೆಯ ಹೊತ್ತಿಗೆ ಆ ಕಾಲು, ಆ ಸೂಜಿ, ಆ ನಾಚಿಕೆ ಎಲ್ಲ ಹಿನ್ನೆಲೆ ಹಾಡಿನ ಜತೆ ಊರೆಲ್ಲ ಸುತ್ತುತ್ತಿರುತ್ತವೆ. ‘ಭಕ್ತಿ ಅಂದ್ರೆ ಇದು’ ಎಂಬ ತಲೆಬರಹ ಬೇರೆ. ಅವಳ ಒಪ್ಪಿಗೆಯನ್ನು ಕೇಳಿದವರು ಯಾರು?

ಹರಕೆ ಹೊರಲು ಒಬ್ಬೊಬ್ಬರಿಗೂ ಒಂದೊಂದು ಕಾರಣ. ಮಗುವಾಗಲಿಲ್ಲ, ಗಂಡನ ಕುಡಿತ ಬಿಡಲಿಲ್ಲ, ಸಾಲ ತೀರಲಿಲ್ಲ, ಡಾಕ್ಟರು ಕೈಚೆಲ್ಲಿದರು. ದೇವರ ಮುಂದೆ ಮಾತ್ರ ಬಿಚ್ಚುವ ಗಂಟು ಅದು. ಯುಗಾದಿಯ ಮುನ್ನಾದಿನ ಶ್ರೀಶೈಲದಲ್ಲಿ ಕನ್ನಡದ ಭಕ್ತರು ವೀರಾಚಾರ ನಡೆಸುತ್ತಾರೆ, ಮೈಗೆ ಶಸ್ತ್ರ ಚುಚ್ಚಿಸಿಕೊಳ್ಳುತ್ತಾರೆ. ಅಗ್ನಿಕುಂಡ ಹಾಯುತ್ತಾರೆ. ಆ ಪರಂಪರೆಯ ಒಳಗಿನವರಿಗೆ ಅದರ ಅರ್ಥ ಗೊತ್ತು. ಹಿಂದುಮುಂದಿಲ್ಲದ ಮೂವತ್ತು ಸೆಕೆಂಡಿನ ತುಣುಕು ನೋಡಿದವರಿಗೆ ಅದು ಬೆರಗು, ಇಲ್ಲವೇ ಗೇಲಿ. ಕೆಳಗಿನ ಕಾಮೆಂಟುಗಳನ್ನು ಹರಕೆ ಹೊತ್ತವನ ಮನೆಯವರೂ ಓದುತ್ತಾರೆ.

ಸ್ನಾನಘಟ್ಟದ ಮಾತಂತೂ ಹೇಳುವುದೇ ಬೇಡ. 2025ರ ಪ್ರಯಾಗರಾಜ್ ಕುಂಭಮೇಳದಲ್ಲಿ ಮಿಂದ ಹೆಂಗಸರ ವಿಡಿಯೊಗಳನ್ನು ಜಾಲತಾಣಗಳಲ್ಲಿ ಹಾಕಿದವರ ಮೇಲೆ ಉತ್ತರ ಪ್ರದೇಶದ ಪೊಲೀಸರು ಪ್ರಕರಣ ದಾಖಲಿಸಬೇಕಾಯಿತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನ ಪ್ರಕಾರ ಒಪ್ಪಿಗೆಯಿಲ್ಲದೆ ಖಾಸಗಿ ಅಂಗಗಳ ಚಿತ್ರ ತೆಗೆದರೂ ಹರಡಿದರೂ 3 ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಕೇದಾರನಾಥದಲ್ಲಿ 2023ರಲ್ಲಿ ಗುಡಿಯೊಳಗೆ ಫೋಟೊ, ವಿಡಿಯೊ ಬೇಡವೆಂಬ ಫಲಕ ಬಿತ್ತು. ಮರುವರ್ಷ ಉತ್ತರಾಖಂಡ ಸರ್ಕಾರ ಚಾರ್‌ಧಾಮ್ ಗುಡಿಗಳ 50 ಮೀಟರ್ ಒಳಗೆ ರೀಲ್ಸ್ ಮಾಡುವುದನ್ನೇ ನಿಷೇಧಿಸಿತು. ಯಾತ್ರಿಕರು ತಾವಾಗಿ ಮಿತಿ ಹಾಕಿಕೊಳ್ಳದಿದ್ದರೆ ಸರ್ಕಾರ ಹಾಕುತ್ತದೆ.

ಕ್ಯಾಮೆರಾ ಬಂದ ಮೇಲೆ ನಡಿಗೆಯೂ ಕೆಟ್ಟಿದೆ. ದಾಸೋಹದಲ್ಲಿ ಬಾಳೆಹಣ್ಣು ಕೊಡುವವನ ಕೈ ಫೋಟೊ ಆಗುವವರೆಗೂ ಹಣ್ಣನ್ನು ಬಿಡುವುದಿಲ್ಲ, ತೆಗೆದುಕೊಳ್ಳುವವನು ಒಡ್ಡಿದ ಕೈಯನ್ನು ಹಾಗೇ ಹಿಡಿದು ನಿಲ್ಲಬೇಕು. ಘಾಟಿಯ ತಿರುವಿನಲ್ಲಿ ಹುಡುಗರು ಮುಂದೆ ನಡೆದವರು ಹಿಂದಕ್ಕೆ ಹೋಗಿ, ಕ್ಯಾಮೆರಾ ಸರಿ ಮಾಡಿಕೊಂಡು, ಅದೇ ದಾರಿಯನ್ನು ಮತ್ತೆ ನಡೆದು ಬರುತ್ತಾರೆ. ಪಕ್ಕದಲ್ಲೇ ಲಾರಿ, ಬಸ್ಸು ಓಡುತ್ತಿರುತ್ತವೆ. ನಲ್ಲಮಲ ದೇಶದ ಅತಿ ದೊಡ್ಡ ಹುಲಿ ಸಂರಕ್ಷಿತ ಪ್ರದೇಶಗಳಲ್ಲೊಂದರ ಭಾಗ. ರೀಲ್ಸ್ ನೋಡಿ ಚಾರಣದ ಹುರುಪಿನಿಂದ ಬರುವವರು ಹೆಚ್ಚಿದಂತೆ ಕಾಡಿನೊಳಗೆ ಬೀಳುವ ಪ್ಲಾಸ್ಟಿಕ್ಕೂ ಹೆಚ್ಚುತ್ತದೆ.

ಹರಿಹರನನ್ನೂ ಇರಾವತಿ ಕರ್ವೆಯವರನ್ನೂ ಎದುರು ಪಕ್ಷದವರು ಸಾಕ್ಷಿಗೆ ಕರೆದಿದ್ದಾರೆ. ಇಬ್ಬರೂ ನಮ್ಮ ಸಾಕ್ಷಿಗಳೇ. ಹರಿಹರ ಅಕ್ಕನ ಕಾಲ ಕಳೆದ ಮೇಲೆ ಬರೆದ. ಕರ್ವೆ ನಡೆದು ಬಂದ ಮೇಲೆ, ಕಂಡದ್ದನ್ನು ತೂಗಿ, ತಮ್ಮ ಸಂಕಟವನ್ನೂ ಪಣಕ್ಕಿಟ್ಟು ಬರೆದರು. ನೆನಪಾಗಲು ಕಾಲ ಬೇಕು. ನಡೆಯುತ್ತಿರುವಾಗಲೇ ಹಾಕಿದ್ದನ್ನು ನೆನಪು ಎನ್ನಲಾಗದು.

ನಮ್ಮ ಮಾತು

ಎರಡು ವಾದಗಳನ್ನೂ ಎದುರುಬದುರು ಇಟ್ಟು ನೋಡಿದರೆ ಜಗಳ ಫೋಟೊದ ಮೇಲಲ್ಲ, ಫೋಟೊದೊಳಗೆ ಯಾರಿದ್ದಾರೆ ಎಂಬುದರ ಮೇಲೆ. ದಾರಿ, ನೀರಿನ ತಾಣ, ತಂಗುವ ಮಠ, ಏರು, ಇಳಿಜಾರು ಇವುಗಳ ಮಾಹಿತಿ ಎಲ್ಲರ ಸೊತ್ತು. ಅದನ್ನು ಹಂಚದೆ ಇಟ್ಟುಕೊಳ್ಳುವುದೇ ತಪ್ಪು. ಜತೆಯಲ್ಲಿ ನಡೆಯುವವರ ಮುಖ, ನೋವು, ಕಣ್ಣೀರು, ಸ್ನಾನ ಅವರವರ ಸೊತ್ತು. ಅಲ್ಲಿ ಪರ ವಾದ ನಿಲ್ಲುವುದಿಲ್ಲ. ನೆನಪು ಬರೆಯಲು ಊರು ಮುಟ್ಟುವವರೆಗೆ ಕಾಯಬೇಕೆಂಬ ಮಾತನ್ನು ಮಾತ್ರ ಪೂರ್ತಿ ಒಪ್ಪಲಾಗದು. ಮನೆಯವರಿಗೆ ಕ್ಷೇಮ ತಿಳಿಸುವ ಫೋಟೊ ಅವತ್ತೇ ಹೋಗಬೇಕು. ಊರಿಗೆಲ್ಲ ಹಾಕುವುದು ಕಾಯಬಹುದು.

ಪಾದಯಾತ್ರೆಯ ಸಂಘ, ಭಜನಾ ಮಂಡಳಿಗಳವರು ಹೊರಡುವ ದಿನದ ಪೂಜೆಯಲ್ಲೇ ಮೂರು ಮಾತು ಹೇಳಿದರೆ ಸಾಕು: ಇನ್ನೊಬ್ಬರ ಫೋಟೊ ತೆಗೆಯುವ ಮುಂಚೆ ಕೇಳಿ, ಬೇಡವೆಂದರೆ ಬಿಡಿ; ಸ್ನಾನದ ಜಾಗದಲ್ಲಿ, ಗಾಯ ಕಟ್ಟುವಲ್ಲಿ ಮೊಬೈಲ್ ಹೊರತೆಗೆಯಬೇಡಿ; ಮಕ್ಕಳ ಚಿತ್ರವನ್ನು ಹೆತ್ತವರ ಒಪ್ಪಿಗೆಯಿಲ್ಲದೆ ಹಾಕಬೇಡಿ. ಈ ಯುಗಾದಿಗೆ ಹೊರಡುವವರು ಕಂಬಿ ಎತ್ತುವ ಮೊದಲು ಇಷ್ಟನ್ನು ತಮ್ಮ ಗುಂಪಿನಲ್ಲಿ ಮಾತಾಡಿಕೊಳ್ಳಲಿ.