ಜಾಲದ ಬಾಗಿಲಲ್ಲಿ ಊರಿನ ಹೆಸರು

ಹೆಸರಿಲ್ಲದೆ ಲೋಕವ್ಯವಹಾರವಿಲ್ಲ. ಕೆರೆ, ಬಾವಿ, ಗುಡ್ಡ, ಮರಗಳ ಗುರುತಿನಿಂದ ನಮ್ಮ ನಾಡಿನ ಎಷ್ಟೋ ಊರುಗಳು ಹೆಸರು ಪಡೆದಿವೆ. ಬೆಳಗಾವಿ ಜಿಲ್ಲೆಯ ಪಾಲಬಾವಿಯ ಹೆಸರಿನಲ್ಲಿಯೂ ಬಾವಿಯೊಂದು ನೆಲೆನಿಂತಿದೆ. ‘ಪಾಲಬಾವಿ, ರಾಯಬಾಗ ತಾಲೂಕು, ಬೆಳಗಾವಿ ಜಿಲ್ಲೆ, ಕರ್ನಾಟಕ’ ಎಂದು ಬರೆದ ಲಕೋಟೆಯು ದೇಶದ ಯಾವ ಮೂಲೆಯಿಂದ ಹೊರಟರೂ ಊರನ್ನು ಸೇರುತ್ತದೆ. ದೂರದ ನಗರದ ಅಂಚೆಯವನಿಗೆ ಪಾಲಬಾವಿ ತಿಳಿದಿರಬೇಕಾಗಿಲ್ಲ. ಕರ್ನಾಟಕದ ದಾರಿ ತಿಳಿದಿದ್ದರೆ ಸಾಕು. ಮುಂದಿನ ದಾರಿಯನ್ನು ಮುಂದಿನವರು ಬಲ್ಲರು.

ಜಗತ್ತಿನ ಗಣಕಯಂತ್ರಗಳನ್ನು ಒಂದುಗೂಡಿಸಿರುವ ಅಂತರಜಾಲದಲ್ಲಿ ಬಳಕೆಯಾಗುವ ವಿಳಾಸಗಳಿಗೆ ಡೊಮೇನ್ ಹೆಸರುಗಳೆಂದು ಕರೆಯುತ್ತಾರೆ. ಅವು ಕೂಡ ಇದೇ ಕ್ರಮವನ್ನು ಅನುಸರಿಸುತ್ತವೆ. ಈ ಕ್ರಮವನ್ನು ರೂಪಿಸಿದವರು ಯಾರು, ಯಾವ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದರು ಎಂಬುದು ಕನ್ನಡದ ವಿದ್ಯಾರ್ಥಿಗಳು ಅರಿಯಬೇಕಾದ ಸಂಗತಿಯಾಗಿದೆ.

ಅಂತರಜಾಲದ ಪೂರ್ವಜನೆನಿಸಿದ ಅರ್ಪಾನೆಟ್ ಎಂಬ ಜಾಲವು 1969ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಯಂತ್ರಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ಮನುಷ್ಯನ ನೆನಪಿಗೆ ಒಗ್ಗುವುದು ಹೆಸರು. ಆದುದರಿಂದ ಯಾವ ಹೆಸರಿಗೆ ಯಾವ ಅಂಕಿ ಎಂಬುದನ್ನು ತೋರಿಸುವ ಪಟ್ಟಿಯೊಂದು ಬೇಕಾಯಿತು. ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಮತ್ತು ಅವರ ಸಂಗಡಿಗರು ಆ ಪಟ್ಟಿಯನ್ನು ಕಾಪಾಡುತ್ತಿದ್ದರು. ಜಾಲದ ಯಂತ್ರಗಳೆಲ್ಲ ಅದರ ಪ್ರತಿಯನ್ನು ತರಿಸಿಕೊಳ್ಳುತ್ತಿದ್ದವು. ಜಾಲ ಚಿಕ್ಕದಾಗಿದ್ದಾಗ ಇದು ಸಲೀಸಾಗಿ ನಡೆಯಿತು. ಜಾಲ ಬೆಳೆದಂತೆ, ಇಡೀ ರಾಜ್ಯದ ಊರುಗಳ ಲೆಕ್ಕವನ್ನು ಒಬ್ಬನೇ ಕುಲಕರ್ಣಿಯು ಒಂದೇ ದಫ್ತರದಲ್ಲಿ ಬರೆದಿಡಬೇಕಾಗಿ ಬಂದಂತಾಯಿತು. ಪಟ್ಟಿ ಉದ್ದವಾಯಿತು, ಒಬ್ಬರು ಹಿಡಿದ ಹೆಸರು ಮತ್ತೊಬ್ಬರಿಗೆ ದಕ್ಕದಾಯಿತು.

ಈ ಇಕ್ಕಟ್ಟಿಗೆ 1983ರಲ್ಲಿ ಪರಿಹಾರ ದೊರೆಯಿತು. ಪಾಲ್ ಮೊಕಪೆಟ್ರಿಸ್ ಎಂಬ ವಿಜ್ಞಾನಿಯು ಹೆಸರುಗಳನ್ನು ಕೊಂಬೆಗಳುಳ್ಳ ಮರದಂತೆ ಜೋಡಿಸುವ ವ್ಯವಸ್ಥೆಯನ್ನು ರಚಿಸಿದರು. ಜಾನ್ ಪೋಸ್ಟೆಲ್ ಅವರ ಮಾರ್ಗದರ್ಶನ ಅವರಿಗಿತ್ತು. ಬುಡವು ಕೊಂಬೆಗಳನ್ನು ಬಲ್ಲದು. ಪ್ರತಿಯೊಂದು ಕೊಂಬೆಯೂ ತನ್ನ ರೆಂಬೆಗಳನ್ನು ಬಲ್ಲದು. 1984ರಲ್ಲಿ ವ್ಯಾಪಾರಕ್ಕೆ ‘ಕಾಮ್’, ವಿದ್ಯಾಸಂಸ್ಥೆಗಳಿಗೆ ‘ಎಡು’, ಸರಕಾರಕ್ಕೆ ‘ಗವ್’ ಮುಂತಾದ ಕೊಂಬೆಗಳು ಗೊತ್ತಾದವು. ದೇಶಗಳಿಗೆ ಎರಡೆರಡು ಅಕ್ಷರಗಳ ಗುರುತು ದೊರೆತು, 1989ರಲ್ಲಿ ಭಾರತದ ಪಾಲಿಗೆ ‘ಇನ್’ ಬಂದಿತು. ಅಧಿಕಾರವನ್ನು ಹಂಚಿ ಹೊಣೆಯನ್ನು ಉಳಿಸಿದ ಈ ಏರ್ಪಾಡು ಮನುಷ್ಯಬುದ್ಧಿಯ ಶ್ರೇಷ್ಠ ಸೃಷ್ಟಿಗಳಲ್ಲಿ ಒಂದು ಎನ್ನಲು ಅಡ್ಡಿಯಿಲ್ಲ.

ಆದರೆ ಈ ಮರದಲ್ಲಿ ಒಂದು ಕೊರತೆಯಿತ್ತು. ರೋಮನ್ ಲಿಪಿಯ 26 ಅಕ್ಷರಗಳು, 10 ಅಂಕಿಗಳು, ಒಂದು ಅಡ್ಡಗೆರೆ—ಇಷ್ಟರಿಂದಲೇ ಹೆಸರನ್ನು ಕಟ್ಟಬೇಕೆಂಬುದು ಅಂದಿನ ಕಟ್ಟಳೆ. ಇದರ ಹಿಂದೆ ದುರುದ್ದೇಶವನ್ನು ಹುಡುಕಬೇಕಾಗಿಲ್ಲ. ಅಂದಿನ ಯಂತ್ರಗಳು ಬಲ್ಲ ಅಕ್ಷರಗಳು ಅಷ್ಟೇ. ಅವುಗಳನ್ನು ಬಳಸುತ್ತಿದ್ದವರಲ್ಲಿ ಬಹುಮಂದಿ ಇಂಗ್ಲಿಷ್ ಬಲ್ಲವರು. ಆದರೂ ಕೆಲವರ ಅನುಕೂಲಕ್ಕಾಗಿ ಆದ ನಿಯಮವು ಲೋಕಕ್ಕೆಲ್ಲ ನಿಯಮವಾದಾಗ ಉಳಿದವರು ತಮ್ಮ ಹೆಸರನ್ನೇ ಪರರ ಲಿಪಿಯಲ್ಲಿ ಬರೆಯಬೇಕಾಗುತ್ತದೆ. ಪಾಲಬಾವಿಯನ್ನು ರೋಮನ್ ಲಿಪಿಯಲ್ಲಿ ಬರೆದರೆ ಅಲ್ಲಿರುವುದು ಲಕಾರವೋ ಳಕಾರವೋ, ಸ್ವರವು ಹ್ರಸ್ವವೋ ದೀರ್ಘವೋ ಎಂಬುದು ತಿಳಿಯದು. ಒಬ್ಬನು ಒಂದು ಬಗೆಯಾಗಿ, ಇನ್ನೊಬ್ಬನು ಇನ್ನೊಂದು ಬಗೆಯಾಗಿ ಬರೆಯುತ್ತಾನೆ. ಅಂಚೆಯವನು ಊಹಿಸಿ ತಿದ್ದಿಕೊಂಡಾನು, ಯಂತ್ರವು ಊಹಿಸದು. ಒಂದು ಅಕ್ಷರ ಬೇರೆಯಾದರೆ ಅದಕ್ಕೆ ಅದು ಬೇರೆಯೇ ವಿಳಾಸ.

ಈ ಕೊರತೆ ನೀಗಲು ಬಹುಕಾಲ ಹಿಡಿಯಿತು. ಜಗತ್ತಿನ ಲಿಪಿಗಳಿಗೆ ಸಂಕೇತಗಳನ್ನು ಗೊತ್ತುಮಾಡುವ ಯೂನಿಕೋಡ್‌ನಲ್ಲಿ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಅನ್ಯಲಿಪಿಯ ಹೆಸರನ್ನು ಯಂತ್ರಕ್ಕಾಗಿ ರೋಮನ್ ಅಕ್ಷರಗಳಿಗೆ ಪರಿವರ್ತಿಸುವ ಮಾನಕವು 2003ರಲ್ಲಿ ಸಿದ್ಧವಾಯಿತು. ಓದುವವನು ಕಾಣುವುದು ತನ್ನ ಲಿಪಿ. ಒಳಗೆ ಹರಿಯುವುದು ಹಳೆಯ ಅಕ್ಷರಗಳೇ. 2010ರಲ್ಲಿ ಅರಬ್ಬಿ ಮತ್ತು ರಷ್ಯದ ಲಿಪಿಗಳಲ್ಲಿ ದೇಶಗಳ ಹೆಸರು ಮರದ ಬುಡಕ್ಕೆ ಸೇರಿದವು. 2011ರಲ್ಲಿ ಭಾರತದ ಹೆಸರಿಗೆ ಏಳು ಭಾಷೆಗಳಲ್ಲಿ ಮನ್ನಣೆ ದೊರೆಯಿತು. ತಮಿಳು, ತೆಲುಗುಗಳಿದ್ದ ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಆ ತರುವಾಯ ಕನ್ನಡದ ‘ಭಾರತ’ವೂ ಬುಡದಲ್ಲಿ ನೆಲೆಗೊಂಡಿತು.

ಜಗತ್ತಿಗೆಲ್ಲ ಒಂದೇ ಲಿಪಿಯಿದ್ದರೆ ಸುಲಭವಲ್ಲವೆ ಎಂದು ಕೆಲವರು ಕೇಳುತ್ತಾರೆ. ಆ ಸೌಲಭ್ಯ ಅಳಿದಿಲ್ಲ. ಕನ್ನಡದ ಹೆಸರಿನ ಜೊತೆಗೆ ರೋಮನ್ ಹೆಸರನ್ನೂ ಇರಿಸಿಕೊಳ್ಳಲು ಅಡ್ಡಿಯಿಲ್ಲ. ಹೋಲುವ ಅಕ್ಷರಗಳಿಂದ ಮೋಸವಾದೀತೆಂಬುದು ಮತ್ತೊಂದು ಆಕ್ಷೇಪಣೆ. ಇದು ನಿರಾಧಾರವಲ್ಲ. ಕನ್ನಡದ ರಕಾರ, ಲಕಾರಗಳು ತೆಲುಗಿನವನ್ನು ಬಹುಮಟ್ಟಿಗೆ ಹೋಲುತ್ತವೆ. ಅದಕ್ಕೆಂದೇ ತಜ್ಞರು ಅಂತಹ ಅಕ್ಷರಗಳನ್ನು ಗುರುತಿಸಿ, ಮರದ ಬುಡದಲ್ಲಿ ನಿಲ್ಲುವ ಹೆಸರುಗಳಿಗೆ ಕಟ್ಟಳೆಗಳನ್ನು ಮಾಡಿದ್ದಾರೆ. ಕಳ್ಳನ ಭಯಕ್ಕೆ ಬೀಗ ಹಾಕುವುದು ವಿವೇಕ. ಬಾಗಿಲನ್ನೇ ಇಡದಿರುವುದು ವಿವೇಕವಲ್ಲ.

ಬಾಗಿಲು ತೆರೆದ ಮಾತ್ರಕ್ಕೆ ಮನೆ ತುಂಬದು. ಇಂದಿಗೂ ಕನ್ನಡದ ವಿಳಾಸವನ್ನು ಒಪ್ಪಿಕೊಳ್ಳದ ತಂತ್ರಾಂಶಗಳಿವೆ; ಬಳಸುವವರು ವಿರಳವಾದ್ದರಿಂದ ತಿದ್ದುವವರಿಗೆ ಅವಸರವಿಲ್ಲ. ಸರಕಾರಿ ಕಚೇರಿಗಳು, ಪಂಚಾಯಿತಿಗಳು, ಶಾಲೆಗಳು ಮುಂದಾಗಿ ಇಂತಹ ಹೆಸರುಗಳನ್ನು ಬಳಕೆಗೆ ತರಬೇಕು. ಗಡಿನಾಡಿನಲ್ಲಿ ಈ ಕರ್ತವ್ಯವು ಮತ್ತಷ್ಟು ಹಿರಿದು. ಚಿಕ್ಕೋಡಿ, ನಿಪ್ಪಾಣಿಗಳ ಸೀಮೆಯಲ್ಲಿ ಕನ್ನಡ ಮರಾಠಿಗಳೆರಡೂ ಮನೆಮಾತುಗಳು. ಜಾಲದಲ್ಲಿ ‘ಭಾರತ’ವು ಎರಡು ಲಿಪಿಗಳಲ್ಲಿಯೂ ಇದೆ, ಒಂದರ ಹೆಸರು ಮತ್ತೊಂದರ ಎಡೆಯನ್ನು ಕಸಿಯುವುದಿಲ್ಲ.

ಲೋಕದ ನಿಯಮಗಳು ರೂಪುಗೊಳ್ಳುವ ಹೊತ್ತಿನಲ್ಲಿ ದೂರ ಉಳಿದವರು ಅನಂತರ ಬಹುಕಾಲ ಕಾಯಬೇಕಾಗುತ್ತದೆಂಬುದು ಈ ಚರಿತ್ರೆಯ ಪಾಠ. ಮುಂದಿನ ನಿಯಮಗಳನ್ನು ಬರೆಯುವವರ ಸಾಲಿನಲ್ಲಿ ರಾಯಬಾಗದ, ಅಥಣಿಯ, ಕಾಗವಾಡದ ಮಕ್ಕಳೂ ಕುಳಿತಿರಬೇಕು. ಅದಕ್ಕೆ ಲೋಕದ ವಿದ್ಯೆ ಬೇಕು. ತನ್ನ ಊರಿನ ಹೆಸರನ್ನು ತನ್ನ ಲಿಪಿಯಲ್ಲಿ ತಪ್ಪಿಲ್ಲದೆ ಬರೆಯಬೇಕೆಂಬ ಅಭಿಮಾನವೂ ಬೇಕು.