ಗುಡುಗು ಕೇಳಿದರೆ ಗಡಿಯಾರ ನೋಡಿ

ಏಪ್ರಿಲ್ ಕೊನೆಯ ಒಂದು ಸಂಜೆ. ಹಲಸೂರು ಕೆರೆಯ ಹತ್ತಿರದ ಮನೆಯೊಂದರ ತಾರಸಿಯ ಮೇಲೆ ಹೈಸ್ಕೂಲು ಹುಡುಗನೊಬ್ಬ ನಿಂತಿದ್ದಾನೆ ಎಂದಿಟ್ಟುಕೊಳ್ಳೋಣ. ಬೆಳಗಿನಿಂದ ಸುಡು ಬಿಸಿಲು. ನಾಲ್ಕು ಗಂಟೆಯ ಹೊತ್ತಿಗೆ ಪೂರ್ವದಲ್ಲಿ, ಕೆ.ಆರ್. ಪುರದ ಕಡೆ, ಹೂಕೋಸಿನಂತಹ ಬಿಳಿಯ ಮೋಡವೊಂದು ಎದ್ದು ನಿಲ್ಲುತ್ತದೆ. ನೋಡನೋಡುತ್ತಿದ್ದಂತೆ ಅದರ ಬುಡ ಕಪ್ಪಾಗುತ್ತದೆ. ನೆತ್ತಿ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡುತ್ತದೆ. ಫಳ್ಳನೆ ಒಂದು ಮಿಂಚು. ಕೆಳಗಿನಿಂದ ಅಜ್ಜಿ ಕೂಗುತ್ತಾರೆ: "ಕೆಳಗೆ ಬಾರೋ ಪುಟ್ಟಾ, ಅರ್ಜುನನ ಹೆಸರು ಹೇಳಿಕೋ!" ಹುಡುಗನಿಗೆ ಇನ್ನೂ ಸ್ವಲ್ಪ ಹೊತ್ತು ನೋಡುವ ಆಸೆ.

ಇಬ್ಬರಲ್ಲಿ ಯಾರು ಸರಿ? ಇಬ್ಬರೂ ಸರಿ. ನೋಡಬೇಕೆಂಬ ಆಸೆ ವಿಜ್ಞಾನದ ಮೊದಲ ಪಾಠ. ಎಲ್ಲಿ ನಿಂತು ನೋಡಬೇಕು ಎಂಬುದು ಎರಡನೆಯ ಪಾಠ.

ಮೋಡದೊಳಗಿನ ತಿಕ್ಕಾಟ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಏಪ್ರಿಲ್-ಮೇ ತಿಂಗಳ ಬಿಸಿಲಿಗೆ ನೆಲ ಕಾದು, ಅದಕ್ಕೆ ತಾಗಿದ ಗಾಳಿ ಹಗುರಾಗಿ ಮೇಲೇರುತ್ತದೆ. ಸಮುದ್ರದ ಕಡೆಯಿಂದ ಬಂದ ತೇವವೂ ಅದಕ್ಕೆ ಸೇರಿದರೆ ಮೋಡ 12ರಿಂದ 15 ಕಿಲೋಮೀಟರ್ ಎತ್ತರದವರೆಗೂ ಬೆಳೆಯಬಹುದು. ಅಷ್ಟು ಮೇಲೆ ಕಡು ಚಳಿ. ಅಲ್ಲಿ ಮಂಜಿನ ಸಣ್ಣ ಹರಳುಗಳೂ, ಆಲಿಕಲ್ಲಿನ ಮರಿಗಳಂತಹ ಮೆದು ಉಂಡೆಗಳೂ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಹಗುರವಾದ ಹರಳುಗಳು ಧನ ವಿದ್ಯುದಂಶ ಹೊತ್ತು ಮೇಲಕ್ಕೂ, ಭಾರವಾದ ಉಂಡೆಗಳು ಋಣ ವಿದ್ಯುದಂಶ ಹೊತ್ತು ಕೆಳಕ್ಕೂ ಸಾಗುತ್ತವೆ. ಈ ಅಂತರ ಗಾಳಿ ತಡೆಯಲಾರದಷ್ಟು ಹೆಚ್ಚಿದಾಗ ವಿದ್ಯುತ್ತು ಹಾರುತ್ತದೆ.

ಕನ್ನಡದಲ್ಲಿ ಇದಕ್ಕೆ ಮೂರು ಹೆಸರುಗಳಿವೆ. ಕಣ್ಣಿಗೆ ಕಂಡದ್ದು ಮಿಂಚು, ಕಿವಿಗೆ ಕೇಳಿದ್ದು ಗುಡುಗು, ನೆಲಕ್ಕೆ ಬಡಿದದ್ದು ಸಿಡಿಲು. ಸಿಡಿಲು ಬಡಿದಾಗ ಇವು ಒಂದೇ ಘಟನೆಯ ಮೂರು ಮುಖಗಳು. ಮಿಂಚು ಹರಿದ ದಾರಿಯ ಗಾಳಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ವರೆಗೆ, ಅಂದರೆ ಸೂರ್ಯನ ಮೇಲ್ಮೈಯ ಐದು ಪಟ್ಟು, ಕಾಯುತ್ತದೆ. ಹಾಗೆ ಕಾದ ಗಾಳಿ ಒಮ್ಮೆಲೇ ಹಿಗ್ಗಿ ಸಿಡಿಯುವ ಸದ್ದೇ ಗುಡುಗು.

ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್

ಬೆಳಕು ಕ್ಷಣಮಾತ್ರದಲ್ಲಿ ಕಣ್ಣಿಗೆ ಬರುತ್ತದೆ. ಶಬ್ದ ಮಾತ್ರ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ನಿಧಾನವಾಗಿ ಬರುತ್ತದೆ. ಆದ್ದರಿಂದ ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಹಲಸೂರು ಕೆರೆಯಿಂದ ಕೆ.ಆರ್. ಪುರ ನೇರ ದಾರಿಯಲ್ಲಿ ಎಂಟು-ಒಂಬತ್ತು ಕಿಲೋಮೀಟರ್. ಅಲ್ಲಿ ಹೊಡೆದ ಸಿಡಿಲಿನ ಸದ್ದು 25 ಸೆಕೆಂಡಿನ ಮೇಲೆ ಕೇಳುತ್ತದೆ. ಇಂದಿರಾನಗರದ್ದೋ ಶಿವಾಜಿನಗರದ್ದೋ ಆದರೆ ಆರೇ ಸೆಕೆಂಡು.

ಅರ್ಜುನನ ಹತ್ತು ಹೆಸರುಗಳ ಶ್ಲೋಕವನ್ನು ನಿಧಾನವಾಗಿ ಹೇಳಿ ಮುಗಿಸಲು ಸುಮಾರು ಹತ್ತು ಸೆಕೆಂಡು ಬೇಕು. ಅದು ಮುಗಿಯುವ ಮೊದಲೇ ಗುಡುಗು ಕೇಳಿಸಿದರೆ ಸಿಡಿಲು ಮೂರೂವರೆ ಕಿಲೋಮೀಟರಿನ ಒಳಗಿದೆ ಎಂದರ್ಥ. ಶ್ಲೋಕ ಸಿಡಿಲನ್ನು ತಡೆಯುವುದಿಲ್ಲ. ಆದರೆ ಗಡಿಯಾರವಿಲ್ಲದ ಕಡೆ ಒಳ್ಳೆಯ ಗಡಿಯಾರವಾಗುತ್ತದೆ.

ಆದರೆ ದೂರ ಎಂದು ಧೈರ್ಯ ತಾಳುವುದು ತಪ್ಪು. ಒಂದು ಸಿಡಿಲಿಗೂ ಮುಂದಿನದಕ್ಕೂ ನಡುವೆ ಹಲವು ಕಿಲೋಮೀಟರ್ ಅಂತರವಿರಬಹುದು. ಎಣಿಕೆ 30 ಸೆಕೆಂಡಿಗಿಂತ ಕಡಿಮೆಯಾದರೆ ಒಳಗೆ ಹೋಗಬೇಕು. ಕೊನೆಯ ಗುಡುಗು ಕೇಳಿದ 30 ನಿಮಿಷದವರೆಗೆ ಹೊರಗೆ ಬರಬಾರದು. 1753ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಗೇಯೋರ್ಗ್ ರಿಚ್‌ಮನ್ ಎಂಬ ವಿಜ್ಞಾನಿ ಸಿಡಿಲಿನ ವಿದ್ಯುತ್ತನ್ನು ಅಳೆಯಲು ಹೋಗಿ ಅದಕ್ಕೇ ಬಲಿಯಾದ. ಕುತೂಹಲವಿದೆ ಎಂದು ಸಿಡಿಲು ಯಾರಿಗೂ ವಿನಾಯಿತಿ ಕೊಡುವುದಿಲ್ಲ.

ಕಾಡಿಗೆ ಬಿದ್ದರೆ?

ಇಷ್ಟು ಬಿಸಿಯಾದ ಸಿಡಿಲು ಒಣ ಕಾಡಿಗೆ ಬಿದ್ದರೆ ಬೆಂಕಿ ಹತ್ತುವುದಿಲ್ಲವೆ? ಹತ್ತುತ್ತದೆ. 2003ರ ಜನವರಿ 8ರಂದು ಆಸ್ಟ್ರೇಲಿಯದ ರಾಜಧಾನಿ ಕ್ಯಾನ್‌ಬೆರಾದ ಪಶ್ಚಿಮದ ಬೆಟ್ಟಗಳಿಗೆ ಸಿಡಿಲು ಬಡಿದು ಅಲ್ಲಲ್ಲಿ ಬೆಂಕಿ ಹೊತ್ತಿತು. ಹತ್ತು ದಿನ ಕಳೆದು, ಜನವರಿ 18ರಂದು, ಆ ಬೆಂಕಿ ನಗರದೊಳಗೆ ನುಗ್ಗಿತು. ನಾಲ್ವರು ಸತ್ತರು, ಸುಮಾರು 500 ಮನೆಗಳು ಸುಟ್ಟುಹೋದವು. ಅಲ್ಲಿ ಬೇಸಿಗೆಯಲ್ಲಿ ಎಷ್ಟೋ ಸಲ ಮೋಡದ ಬುಡ ಬಹಳ ಎತ್ತರದಲ್ಲಿದ್ದು, ಮಳೆಹನಿ ನೆಲ ಮುಟ್ಟುವ ಮೊದಲೇ ಆವಿಯಾಗುತ್ತದೆ. ಬೆಂಕಿ ಹಚ್ಚುವ ಸಿಡಿಲು ಬರುತ್ತದೆ, ಆರಿಸುವ ಮಳೆ ಬರುವುದಿಲ್ಲ. ಇದಕ್ಕೆ ಒಣ ಸಿಡಿಲು ಎಂದು ಹೆಸರು.

ಕರ್ನಾಟಕದ ಸ್ಥಿತಿ ಬೇರೆ. ಇಲ್ಲಿ ಕಾಡು ತೀರಾ ಒಣಗಿರುವುದು ಫೆಬ್ರುವರಿ-ಮಾರ್ಚ್‌ನಲ್ಲಿ; ಆಗ ಗುಡುಗು ಕಡಿಮೆ. ಗುಡುಗು ಜೋರಾಗುವ ಅಶ್ವಿನಿ, ಭರಣಿ ಮಳೆಗಳ ಕಾಲಕ್ಕೆ ಸಿಡಿಲಿನ ಜತೆ ಸಾಮಾನ್ಯವಾಗಿ ಮಳೆಯೂ ಸುರಿಯುತ್ತದೆ. ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟ ಕಾಳ್ಗಿಚ್ಚು 2019ರ ಫೆಬ್ರುವರಿಯಲ್ಲಿ ಸಂಭವಿಸಿತು. ನಮ್ಮ ಕಾಡಿನ ಬೆಂಕಿಗೆ ಬಹುಪಾಲು ಕಾರಣ ಮನುಷ್ಯರ ಕೈಯ ಕಡ್ಡಿಯೇ ಹೊರತು ಆಕಾಶವಲ್ಲ.

ಹಾಗೆಂದು ನಮ್ಮ ಸಿಡಿಲು ಸಾಧುವಲ್ಲ. 2022ರಲ್ಲಿ ಭಾರತದಲ್ಲಿ ಸಿಡಿಲಿಗೆ ಸಿಕ್ಕಿ ಸತ್ತವರು 2,887 ಮಂದಿ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಟ್ಟಿದೆ. ಇಲ್ಲಿ ಸಿಡಿಲು ಕಾಡಿಗಿಂತ ಹೆಚ್ಚಾಗಿ ಬಯಲಲ್ಲಿರುವವರನ್ನೂ, ಮರದಡಿ ನಿಂತವರನ್ನೂ ಬಲಿ ತೆಗೆದುಕೊಳ್ಳುತ್ತದೆ.

ಮಾಡಬೇಕಾದ್ದು ಇಷ್ಟು: ಮಳೆ ಬಂತೆಂದು ಮರದ ಕೆಳಗೆ ಓಡಬಾರದು. ಆಟದ ಮೈದಾನ, ತಾರಸಿ, ಕೆರೆಯ ದಂಡೆ ಬಿಡಬೇಕು. ಪಕ್ಕಾ ಕಟ್ಟಡ, ಇಲ್ಲವೆ ಕಿಟಕಿ ಮುಚ್ಚಿದ ಬಸ್ಸು-ಕಾರು ಸುರಕ್ಷಿತ. ಸಿಡಿಲಿನ ವಿದ್ಯುತ್ತು ವಾಹನದ ಲೋಹದ ಮೈಯ ಮೇಲೆಯೇ ಹರಿದು ನೆಲ ಸೇರುತ್ತದೆ. ಮನೆಯೊಳಗೆ ನಲ್ಲಿ, ಸ್ನಾನ, ತಂತಿಯ ಉಪಕರಣಗಳಿಂದ ದೂರವಿರಬೇಕು. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಅವರನ್ನು ಮುಟ್ಟಬಹುದು, ಮುಟ್ಟಲೇಬೇಕು. ಉಸಿರು ನಿಂತಿದ್ದರೆ ತಿಳಿದವರು ಎದೆ ಒತ್ತುತ್ತ, ಕೂಡಲೇ 108ಕ್ಕೆ ಕರೆ ಮಾಡಬೇಕು.

ಒಂದು ನೋಟ್‌ಬುಕ್ ಸಾಕು

2024ರ ಜೂನ್ 2, ಭಾನುವಾರ. ಬೆಂಗಳೂರಿನಲ್ಲಿ ಒಂದೇ ದಿನ 111.1 ಮಿಲಿಮೀಟರ್ ಮಳೆ ಸುರಿಯಿತು. 1891ರ ಜೂನ್ 16ರ 101.6 ಮಿ.ಮೀ. ದಾಖಲೆಯನ್ನು ಅದು 133 ವರ್ಷಗಳ ನಂತರ ಮುರಿಯಿತು. ಮರವೊಂದು ಟ್ರಿನಿಟಿ ಮತ್ತು ಎಂ.ಜಿ. ರಸ್ತೆ ನಿಲ್ದಾಣಗಳ ನಡುವೆ ಮೆಟ್ರೊ ಹಳಿಯ ಮೇಲೆ ಉರುಳಿ, ಇಂದಿರಾನಗರದವರೆಗೆ ರೈಲು ನಿಂತಿತು. ಈ ಹೋಲಿಕೆ ಸಾಧ್ಯವಾದದ್ದು ಹೇಗೆ? 1891ರಲ್ಲಿ ಯಾರೋ ಒಬ್ಬರು ಮಳೆ ಅಳೆದು, ತಪ್ಪದೆ ಬರೆದಿಟ್ಟದ್ದರಿಂದ.

ಅಂತಹ ಕೆಲಸ ಇಂದಿಗೂ ಉಳಿದಿದೆ. ಗುಡುಗಿನ ಮೋಡದ ಹರವು ಎಷ್ಟೋ ಸಲ ಕೆಲವೇ ಕಿಲೋಮೀಟರ್. ಕೆ.ಆರ್. ಪುರದ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತಾಗ ಶಿವಾಜಿನಗರದಲ್ಲಿ ಧೂಳು ಹಾರುತ್ತಿರಬಹುದು. ಹವಾಮಾನ ಇಲಾಖೆ ಅರಮನೆ ರಸ್ತೆಯಲ್ಲೂ ಎಚ್.ಎ.ಎಲ್. ವಿಮಾನ ನಿಲ್ದಾಣದಲ್ಲೂ ಅಳೆದ ಲೆಕ್ಕ ಪ್ರತಿ ಬೀದಿಯ ಲೆಕ್ಕವಾಗಲಾರದು. ನೇರ ಗೋಡೆಯ, ಸಮತಟ್ಟು ತಳದ ಡಬ್ಬಿಯೊಂದನ್ನು ಮೋಡ ಕಟ್ಟುವ ಮೊದಲೇ ತಾರಸಿಯ ನಡುವೆ ಇಟ್ಟು ಬರಬೇಕು. ಮರುದಿನ ಬೆಳಿಗ್ಗೆ 8.30ಕ್ಕೆ ಒಳಗಿನ ನೀರಿನ ಎತ್ತರವನ್ನು ಅಡಿಪಟ್ಟಿಯಿಂದ ಮಿಲಿಮೀಟರಿನಲ್ಲಿ ಅಳೆಯಬೇಕು. ಒಂದು ಮಿ.ಮೀ. ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಪಕ್ಕದಲ್ಲಿ ಬರೆಯಬೇಕಾದದ್ದು ಮೂರೇ ಅಂಶ: ಮೋಡ ಎದ್ದ ದಿಕ್ಕು, ಮೊದಲ ಗುಡುಗಿನ ಸಮಯ, ಎಣಿಕೆಯ ಅತಿ ಕಡಿಮೆ ಸೆಕೆಂಡು.

ತಂದೆತಾಯಂದಿರು ಗುಡುಗಿಗೆ ಹೆದರಿ ಮಕ್ಕಳ ಕಣ್ಣು ಮುಚ್ಚುವುದು ಬೇಡ. ಕಿಟಕಿಯಿಂದ ಎರಡು ಮಾರು ಒಳಗೆ ಕೂರಿಸಿ, ಕೈಗೆ ಗಡಿಯಾರ ಕೊಟ್ಟರೆ ಸಾಕು. ಹಲಸೂರಿನ ಆ ಹುಡುಗ ಅಜ್ಜಿಯ ಮಾತು ಕೇಳಿ ಇಳಿದು ಬರಲಿ. ಅಜ್ಜಿ ಹೆಸರುಗಳನ್ನು ಹೇಳಲಿ, ಅವನು ಎಣಿಸಲಿ.