ಕುಂದು ಮತ್ತು ಮದ್ದು

ಮುಧೋಳ ಸೀಮೆಯ ಹಲಗಲಿಯು ಚಿಕ್ಕ ಊರಾದರೂ ಅದರ ಹೆಸರು ದೊಡ್ಡದು. 1857ರಲ್ಲಿ ಬ್ರಿಟಿಷರು ಅಪ್ಪಣೆಯಿಲ್ಲದೆ ಯಾರೂ ಆಯುಧಗಳನ್ನು ಇಟ್ಟುಕೊಳ್ಳಕೂಡದೆಂದು ಕಾಯಿದೆ ಮಾಡಿದಾಗ, ಅಲ್ಲಿನ ಬೇಡರು ಅದಕ್ಕೆ ತಲೆಬಾಗಲಿಲ್ಲ. ದಂಡು ಬಂದು ಊರಿಗೆ ಬೆಂಕಿಯಿಟ್ಟಿತು, ಹಲವರು ಗಲ್ಲಿಗೇರಿದರು. ಎರಡು ವರ್ಷಗಳ ತರುವಾಯ, 1859ರಲ್ಲಿ, ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 'ಆನ್ ಲಿಬರ್ಟಿ' ಎಂಬ ಗ್ರಂಥವನ್ನು ಪ್ರಕಟಿಸಿದನು. ಅನ್ಯರಿಗೆ ಕೇಡು ಮಾಡದ ವ್ಯಕ್ತಿಯ ಸ್ವಾತಂತ್ರ್ಯಕ್ಕೆ ಯಾರೂ ಕೈಹಾಕಕೂಡದೆಂಬುದು ಅದರ ತಿರುಳು. ಆದರೆ ಆ ತತ್ತ್ವವು 'ಹಿಂದುಳಿದ' ಸಮಾಜಗಳಿಗೆ ಸಲ್ಲದೆಂದೂ ಅವನೇ ಬರೆದನು! ಉದಾರವಾದದ ದೊಡ್ಡ ಕುಂದು ಇದು: ಅದು ಸ್ವಾತಂತ್ರ್ಯವನ್ನು ಸಾರಿತು, ಎಲ್ಲರಿಗೂ ಹಂಚಲಿಲ್ಲ. ಭೂಮಿಯ ಒಡೆಯನೂ ಗೇಣಿದಾರನೂ ಸರಿಸಮಾನರಾಗಿ ಒಪ್ಪಂದ ಮಾಡಿಕೊಳ್ಳುತ್ತಾರೆಂದು ಬಗೆದು ಸುಮ್ಮನಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಫ್ಯಾಸಿಸ್ಟರು ಈ ಉದಾರವಾದವನ್ನು ಬೇರೊಂದು ಬಗೆಯಲ್ಲಿ ಖಂಡಿಸಿದರು. 1922ರಲ್ಲಿ ಇಟಲಿಯ ಅಧಿಕಾರ ಹಿಡಿದ ಮುಸೊಲಿನಿಯು 1932ರ ತನ್ನ ಸಿದ್ಧಾಂತಲೇಖನದಲ್ಲಿ ಅದನ್ನು ನೇರವಾಗಿ ನಿರಾಕರಿಸಿದನು. ಉದಾರವಾದವು ಮನುಷ್ಯನನ್ನು ಸಮಾಜದಿಂದ ಬಿಡಿಸಿ ಒಂಟಿಯಾಗಿಸುತ್ತದೆ. ಸಂಸತ್ತು ಬರಿಯ ಹರಟೆಯ ಮನೆ. ರಾಜ್ಯವೇ ಸರ್ವಸ್ವ, ವ್ಯಕ್ತಿಯು ಅದರ ಅಂಗ ಮಾತ್ರ ಎಂಬುದು ಅವರ ವಾದ. ಯುದ್ಧದಿಂದಲೂ ನಿರುದ್ಯೋಗದಿಂದಲೂ ಬಳಲಿದ್ದ ಅನೇಕರಿಗೆ ಈ ಮಾತು ಹಿತವಾಗಿ ಕೇಳಿಸಿತು.

ಫಲವೇನಾಯಿತು? ಚುನಾವಣೆಯ ಅಕ್ರಮಗಳನ್ನು ಸಂಸತ್ತಿನಲ್ಲಿ ಬಯಲಿಗೆಳೆದ ಮತ್ತೆಯೊತ್ತಿಯನ್ನು 1924ರಲ್ಲಿ ಫ್ಯಾಸಿಸ್ಟರು ಕೊಂದರು. 1926ರಲ್ಲಿ ಇಟಲಿಯಲ್ಲಿ ಮುಷ್ಕರಗಳೂ ವಿರೋಧ ಪಕ್ಷಗಳೂ ನಿಷೇಧಕ್ಕೊಳಗಾದವು. ಜರ್ಮನಿಯಲ್ಲಿ 1933ರ ಮಾರ್ಚ್ 23ರಂದು ಸಂಸತ್ತೇ ತನ್ನ ಶಾಸನಾಧಿಕಾರವನ್ನು ಹಿಟ್ಲರನ ಸರ್ಕಾರಕ್ಕೆ ಒಪ್ಪಿಸಿತು. ಮೇ 2ರಂದು ಕಾರ್ಮಿಕ ಸಂಘಗಳನ್ನು ವಶಪಡಿಸಿಕೊಳ್ಳಲಾಯಿತು. ಮುಂದೆ ಸುಮಾರು 60 ಲಕ್ಷ ಯೆಹೂದ್ಯರ ಕೊಲೆಯಾಯಿತು. ಮನುಷ್ಯನ ಒಂಟಿತನವನ್ನು ನೀಗಿಸುವೆವೆಂದು ಬಂದವರು, ಜನರು ತಾವಾಗಿ ಕಟ್ಟಿಕೊಂಡಿದ್ದ ಕೂಟಗಳನ್ನೇ ಮುರಿದರು.

ಈ ವಾದವನ್ನು ಕೃಷ್ಣಾ ಘಟಪ್ರಭೆಯರ ತೀರದ ಬದುಕಿನಲ್ಲಿಟ್ಟು ಪರೀಕ್ಷಿಸಬೇಕು. ಕೂಲಿ ಸಾಲದೆಂದು ರಬಕವಿ-ಬನಹಟ್ಟಿಯ ನೇಕಾರರು ಸಂಘ ಕಟ್ಟಬಲ್ಲರು. ಆಲಮಟ್ಟಿಯ ಹಿನ್ನೀರಿಗೆ ಹೊಲ ಕಳೆದುಕೊಂಡ ಬೀಳಗಿಯ ರೈತನು, ಪರಿಹಾರ ಸಾಲದೆಂದು ಸರ್ಕಾರದ ವಿರುದ್ಧವೇ ನ್ಯಾಯಾಲಯದ ಮೆಟ್ಟಿಲೇರಬಲ್ಲನು. ರಾಜ್ಯವೇ ಸರ್ವಸ್ವವೆಂದಾದಲ್ಲಿ ಈ ಬಾಗಿಲುಗಳು ಮುಚ್ಚಿಹೋಗುತ್ತವೆ. ಹಕ್ಕಿನಿಂದಲೇ ಹೊಟ್ಟೆ ತುಂಬದು, ನಿಜ; ಆದರೆ ಹಸಿವನ್ನು ಹೇಳಿಕೊಳ್ಳುವುದಕ್ಕೂ ಬಾಯಿ ಬೇಕಷ್ಟೆ.

ಕುಂದನ್ನು ತಿದ್ದುವ ದಾರಿಯನ್ನೂ ಈ ಸೀಮೆ ಕಂಡಿದೆ. 1948ರಲ್ಲಿ ಜಮಖಂಡಿ, ಮುಧೋಳ ಸಂಸ್ಥಾನಗಳು ಭಾರತದಲ್ಲಿ ವಿಲೀನವಾದವು. 1951-52ರ ಮಹಾಚುನಾವಣೆಯಲ್ಲಿ ಅರಮನೆಯವರಿಗೂ ಆಳುಮಕ್ಕಳಿಗೂ ಒಂದೊಂದೇ ಮತವಿತ್ತು. ಜಮಖಂಡಿ ತಾಲ್ಲೂಕಿನ ಸಾವಳಗಿಯವರಾದ ಬಿ. ಡಿ. ಜತ್ತಿಯವರ ಅಧ್ಯಕ್ಷತೆಯ ಸಮಿತಿಯ ವರದಿಯು 1961ರ ಭೂಸುಧಾರಣಾ ಕಾಯಿದೆಗೆ ತಳಹದಿಯಾಯಿತು. ಒಡೆಯನ ಹಕ್ಕಿಗೆ ಮಿತಿಯನ್ನು ಹಾಕಿ ಗೇಣಿದಾರನಿಗೆ ರಕ್ಷಣೆ ನೀಡಲು ಹೊರಟದ್ದು, ಫ್ಯಾಸಿಸ್ಟರು ಹಳಿದ ಆ 'ಹರಟೆಯ ಮನೆ'ಯೇ!

ಹಲಗಲಿಗೆ ಸ್ವಾತಂತ್ರ್ಯ ದಕ್ಕಲಿಲ್ಲವೆಂದು ಉಳಿದವರ ಸ್ವಾತಂತ್ರ್ಯವನ್ನೂ ಕಿತ್ತುಕೊಳ್ಳುವುದು ಮದ್ದಲ್ಲ. ಹಲಗಲಿಗೂ ಅದನ್ನು ಮುಟ್ಟಿಸುವುದೇ ಮದ್ದು.